ರಾಬರ್ಟ್ ಪೀಲನೂ ಲಂಡನ್ನಿನ ಕಾವಲೂ

ಇಂದಿಗೆ ಸುಮಾರು ಇನ್ನೂರು ವರ್ಷಗಳ ಹಿಂದೆ ಲಂಡನ್ ನಗರವು ಜಗತ್ತಿನ ಅತಿ ದೊಡ್ಡ ಪಟ್ಟಣಗಳಲ್ಲಿ ಒಂದಾಗಿದ್ದಿತು. ಹತ್ತು ಲಕ್ಷಕ್ಕೂ ಮಿಕ್ಕ ಜನ ಅಲ್ಲಿ ವಾಸಿಸುತ್ತಿದ್ದರು. ದೂರದೂರದ ದೇಶಗಳಿಂದ ಬಂದ ಹಡಗುಗಳು ಥೇಮ್ಸ್ ನದಿಯ ದಡದಲ್ಲಿ ಸರಕನ್ನು ಇಳಿಸುತ್ತಿದ್ದವು. ಇಷ್ಟು ದೊಡ್ಡದಾದ, ಇಷ್ಟು ಸಿರಿವಂತವಾದ ನಗರವನ್ನು ರಾತ್ರಿಯ ಹೊತ್ತು ಕಾಯುತ್ತಿದ್ದವರು ಯಾರು? ಕೈಯಲ್ಲೊಂದು ಲಾಂದ್ರ, ಒಂದು ಕೋಲು, ತಿರುಗಿಸಿದರೆ ಕಟಕಟನೆ ಸದ್ದು ಮಾಡುವ ಒಂದು ಮರದ ಗಿಲಕಿ, ಇವನ್ನು ಹಿಡಿದುಕೊಂಡ ಮುದುಕರು! ಬೇರೆ ಕೂಲಿ ಮಾಡಲು ತ್ರಾಣವಿಲ್ಲದವರಿಗೆ ಹೊಟ್ಟೆಪಾಡಾಗಲೆಂದು ಈ ಕೆಲಸವನ್ನು ಕೊಡುವ ವಾಡಿಕೆಯಿತ್ತು. ಬೀದಿಯ ಮೂಲೆಯಲ್ಲಿ ನಿಲ್ಲಿಸಿದ ಮರದ ಗೂಡಿನಲ್ಲಿ ಅವರು ಕುಳಿತಿರುತ್ತಿದ್ದರು. ಗಂಟೆಗೊಮ್ಮೆ ಹೊರಬಂದು ಹೊತ್ತೆಷ್ಟಾಯಿತೆಂದು ಕೂಗಿ ಹೇಳಿ ಮತ್ತೆ ಒಳಸೇರುತ್ತಿದ್ದರು. ಆ ಕೂಗು ಕಳ್ಳನಿಗೂ ಕೇಳಿಸುತ್ತಿತ್ತು. ಕಾವಲುಗಾರನು ಎಲ್ಲಿದ್ದಾನೆ, ಮತ್ತೆ ಯಾವಾಗ ಬರುತ್ತಾನೆ ಎಂಬುದನ್ನು ಅವನು ಅದರಿಂದಲೇ ಲೆಕ್ಕ ಹಾಕಿಕೊಳ್ಳುತ್ತಿದ್ದನು. ಕುಡಿದು ಅಮಲೇರಿದ ಶ್ರೀಮಂತ ತರುಣರು ಆ ಗೂಡನ್ನು ಒಳಗಿದ್ದ ಮುದುಕನ ಸಮೇತ ಬೋರಲು ಕೆಡವಿ, ನಗುತ್ತಾ ಹೋಗುವುದೂ ಉಂಟು.

ಈ ಕಾವಲುಗಾರರನ್ನು ನೇಮಿಸುತ್ತಿದ್ದುದು ಆಯಾ ಚರ್ಚಿನ ಆಡಳಿತಕ್ಕೆ ಸೇರಿದ ಕೇರಿಗಳವರು. ಒಂದು ಕೇರಿಯ ಕಾವಲುಗಾರನಿಗೆ ಮುಂದಿನ ಕೇರಿಯಲ್ಲಿ ಅಧಿಕಾರವಿರಲಿಲ್ಲ. ಕಳ್ಳನು ಬೀದಿಯನ್ನು ದಾಟಿ ಆಚೆಗೆ ಓಡಿದನೆಂದರೆ ಬದುಕಿಕೊಂಡನೆಂದೇ ಅರ್ಥ. ಇದಲ್ಲದೆ, ಕಾದಂಬರಿಕಾರನೂ ನ್ಯಾಯಾಧಿಕಾರಿಯೂ ಆಗಿದ್ದ ಹೆನ್ರಿ ಫೀಲ್ಡಿಂಗನು 1749ರ ಸುಮಾರಿಗೆ ಬೋ ಸ್ಟ್ರೀಟ್ ಎಂಬಲ್ಲಿ ಕಟ್ಟಿದ ಒಂದು ಸಣ್ಣ ತಂಡವಿದ್ದಿತು. ಅದರಲ್ಲಿ ಚುರುಕಾದ ಜನರೇನೋ ಇದ್ದರು. ಆದರೆ ಅವರ ಸಂಪಾದನೆಯ ಬಹುಪಾಲು ಬರುತ್ತಿದ್ದುದು ಬಹುಮಾನಗಳಿಂದ. ಮರಣದಂಡನೆಗೆ ಅರ್ಹವಾದ ಕೆಲವು ಅಪರಾಧಗಳಲ್ಲಿ ಅಪರಾಧಿಯನ್ನು ಹಿಡಿದು ಶಿಕ್ಷೆ ಕೊಡಿಸಿದವರಿಗೆ ಸರ್ಕಾರವು ನಲವತ್ತು ಪೌಂಡುಗಳನ್ನು ಕೊಡುತ್ತಿತ್ತು. ಸಣ್ಣ ಕಳ್ಳನನ್ನು ಹಿಡಿದರೆ ಹಣವಿಲ್ಲ. ಅವನು ಬೆಳೆದು ದೊಡ್ಡ ಕಳ್ಳನಾಗುವವರೆಗೆ ಕಾದರೆ ನಲವತ್ತು ಪೌಂಡು! ಇಂಥ ಏರ್ಪಾಡಿನಲ್ಲಿ ಅಪರಾಧ ನಡೆಯದಂತೆ ತಡೆಯುವುದರಿಂದ ಯಾರಿಗೂ ಲಾಭವಿರಲಿಲ್ಲ. ಈ ಬಹುಮಾನವನ್ನು 1818ರಲ್ಲಿ ರದ್ದುಪಡಿಸಿದರಾದರೂ, ಕಳವಿನ ಮಾಲನ್ನು ಹಿಂದಕ್ಕೆ ತಂದುಕೊಟ್ಟು ಒಡೆಯನಿಂದ ಹಣ ಪಡೆಯುವ ಪದ್ಧತಿಯು ಉಳಿದುಕೊಂಡಿತು.

ಕಾವಲು ಇಷ್ಟು ದುರ್ಬಲವಾಗಿದ್ದುದರಿಂದಲೋ ಏನೋ, ಕಾನೂನು ಮಾತ್ರ ಬಹು ಕ್ರೂರವಾಗಿದ್ದಿತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಇನ್ನೂರಕ್ಕೂ ಹೆಚ್ಚು ಅಪರಾಧಗಳಿಗೆ ಮರಣದಂಡನೆಯಿತ್ತು. ವಾಸದ ಮನೆಯೊಂದರಿಂದ ನಲವತ್ತು ಷಿಲಿಂಗು ಬೆಲೆಯ ವಸ್ತುವನ್ನು ಕದ್ದವನನ್ನೂ ನೇಣಿಗೆ ಹಾಕಬಹುದಾಗಿತ್ತು. ಒಬ್ಬ ಬಡವನನ್ನು ಇಷ್ಟಕ್ಕಾಗಿ ಕೊಲ್ಲಿಸಲು ಪಂಚರಾಗಿ ಕುಳಿತ ನಾಗರಿಕರ ಮನಸ್ಸು ಒಪ್ಪುತ್ತಿರಲಿಲ್ಲ. ಅವರು ಕಳವಾದ ವಸ್ತುವಿನ ಬೆಲೆಯು ಮೂವತ್ತೊಂಬತ್ತು ಷಿಲಿಂಗುಗಳೆಂದು ತಿಳಿದೂ ತಿಳಿದೂ ಸುಳ್ಳು ತೀರ್ಪು ಕೊಡುತ್ತಿದ್ದರು. ಕಳ್ಳನಿಗೆ ಇದೆಲ್ಲವೂ ಗೊತ್ತಿತ್ತು. ಸಿಕ್ಕಿಬೀಳುವುದು ಅಪರೂಪ, ಸಿಕ್ಕಿಬಿದ್ದರೂ ಪಾರಾಗುವ ಸಂಭವ ಹೆಚ್ಚು. ಹೀಗಿರುವಾಗ ದೂರದಲ್ಲಿ ಕಾಣುವ ನೇಣುಗಂಬಕ್ಕೆ ಅವನೇಕೆ ಹೆದರಬೇಕು? ಬಹಿರಂಗವಾಗಿ ನೇಣು ಹಾಕುವುದನ್ನು ನೋಡಲು ನೆರೆದ ಗುಂಪಿನಲ್ಲಿಯೇ ಜೇಬುಗಳ್ಳರು ತಮ್ಮ ಕೈಚಳಕ ತೋರುತ್ತಿದ್ದರು.

ಈ ಸ್ಥಿತಿಯನ್ನು ಬದಲಾಯಿಸಿದ ರಾಬರ್ಟ್ ಪೀಲನು 1788ರ ಫೆಬ್ರವರಿ 5ರಂದು ಲ್ಯಾಂಕಷೈರ್ ಪ್ರಾಂತದ ಬೆರಿ ಎಂಬ ಊರಿನ ಬಳಿ ಜನಿಸಿದನು. ಅವನ ತಂದೆಯ ಹೆಸರೂ ರಾಬರ್ಟ್ ಪೀಲ್ ಎಂದೇ. ತಂದೆಯು ಬಟ್ಟೆಗೆ ಅಚ್ಚು ಹಾಕುವ ಉದ್ಯಮದಿಂದ ಅಪಾರ ಐಶ್ವರ್ಯವನ್ನು ಗಳಿಸಿದವನು. ಪಾರ್ಲಿಮೆಂಟಿನ ಸದಸ್ಯನಾಗಿ, ಗಿರಣಿಗಳಲ್ಲಿ ದುಡಿಯುವ ಮಕ್ಕಳ ಆರೋಗ್ಯಕ್ಕಾಗಿ 1802ರಲ್ಲಿ ಒಂದು ಕಾಯಿದೆಯನ್ನು ತಂದವನು. ಮಗನು ರಾಜ್ಯವನ್ನಾಳುವ ಮಂತ್ರಿಯಾಗಬೇಕೆಂದು ಅವನ ಆಸೆ. ಭಾನುವಾರದ ದಿನ ಚರ್ಚಿನಲ್ಲಿ ಕೇಳಿದ ಉಪದೇಶವನ್ನು ಬಾಲಕನು ಮನೆಯಲ್ಲಿ ನೆನಪಿನಿಂದ ಒಪ್ಪಿಸಬೇಕಾಗಿತ್ತೆಂದು ಪ್ರತೀತಿಯಿದೆ. ಆ ಅಭ್ಯಾಸವು ವ್ಯರ್ಥವಾಗಲಿಲ್ಲ. ಹ್ಯಾರೋ ಶಾಲೆಯಲ್ಲಿ ಕವಿ ಬೈರನ್ನನು ಅವನ ಸಹಪಾಠಿಯಾಗಿದ್ದನು. 1808ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಚೀನ ಭಾಷೆಗಳು ಮತ್ತು ಗಣಿತ ಎರಡರಲ್ಲಿಯೂ ಪೀಲನು ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದನು. ಮರುವರ್ಷವೇ, ಇಪ್ಪತ್ತೊಂದರ ಹರೆಯದಲ್ಲಿ, ಪಾರ್ಲಿಮೆಂಟಿನ ಸದಸ್ಯನಾದನು. ಮಾತಿಗಿಂತ ಕಡತಗಳಲ್ಲಿ, ಆವೇಶಕ್ಕಿಂತ ಅಂಕಿಅಂಶಗಳಲ್ಲಿ ಅವನಿಗೆ ನಂಬಿಕೆ. ಹೊರನೋಟಕ್ಕೆ ಬಿಗುಮಾನದ ಮನುಷ್ಯ; ಸಲಿಗೆಯಿಂದ ಬೆರೆಯುವುದು ಅವನಿಗೆ ಒಗ್ಗಿಬಂದಿರಲಿಲ್ಲ.

1812ರಲ್ಲಿ, ಇನ್ನೂ ಇಪ್ಪತ್ತನಾಲ್ಕು ವರ್ಷದವನಾಗಿದ್ದಾಗ, ಅವನನ್ನು ಐರ್ಲೆಂಡಿನ ಆಡಳಿತದ ಮುಖ್ಯ ಕಾರ್ಯದರ್ಶಿಯನ್ನಾಗಿ ಕಳುಹಿಸಿದರು. ಆಂಗ್ಲರ ಆಳ್ವಿಕೆಯಿಂದ ನೊಂದಿದ್ದ ಆ ನಾಡಿನಲ್ಲಿ ಗೇಣಿಯ ಜಗಳಗಳು, ರಾತ್ರಿಯ ದಾಳಿಗಳು, ಕೊಲೆಗಳು ನಿತ್ಯದ ಮಾತಾಗಿದ್ದವು. ಪೀಲನು 1814ರಲ್ಲಿ ಶಾಂತಿಪಾಲನೆಗಾಗಿ ಒಂದು ಸಶಸ್ತ್ರ ದಳವನ್ನು ರಚಿಸಿದನು. ಗಲಭೆಯೆದ್ದ ಜಿಲ್ಲೆಗೆ ಅದು ಹೋಗುತ್ತಿತ್ತು. ಅದರ ಖರ್ಚನ್ನು ಆ ಜಿಲ್ಲೆಯ ಜನರೇ ತೆರಬೇಕಾಗಿತ್ತು. ಐರಿಷ್ ಜನರು ಆ ದಳದವರನ್ನು ಪೀಲನ ಹೆಸರು ಹಿಡಿದು ಪೀಲರುಗಳೆಂದು ಹೀನಾಯವಾಗಿ ಕರೆದರು. ಜನರು ತಮ್ಮದೆಂದು ಒಪ್ಪದ ಒಂದು ದಳವನ್ನು ಬಂದೂಕಿನ ಬಲದಿಂದ ನಡೆಸುವುದು ಎಷ್ಟು ಕಷ್ಟ, ಎಷ್ಟು ದುಬಾರಿ ಎಂಬುದನ್ನು ಆರು ವರ್ಷಗಳ ಕಾಲ ಅವನು ಕಣ್ಣಾರೆ ಕಂಡನು. ಅಲ್ಲಿಂದ ಹಿಂದಿರುಗಿದ ಮೇಲೆ, 1820ರಲ್ಲಿ, ಜೂಲಿಯಾ ಫ್ಲಾಯ್ಡ್ ಎಂಬಾಕೆಯನ್ನು ಮದುವೆಯಾದನು. ಆಕೆಯು ಭಾರತದಲ್ಲಿ ಹುಟ್ಟಿದವಳು. ಟಿಪ್ಪು ಸುಲ್ತಾನನ ಮೇಲಿನ ಯುದ್ಧಗಳಲ್ಲಿ ಇಂಗ್ಲಿಷರ ಕುದುರೆಯ ದಳವನ್ನು ನಡೆಸಿ, 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿಯೂ ಭಾಗವಹಿಸಿದ್ದ ಜನರಲ್ ಫ್ಲಾಯ್ಡನ ಮಗಳು.

1822ರಲ್ಲಿ ಪೀಲನು ಇಂಗ್ಲೆಂಡಿನ ಗೃಹಮಂತ್ರಿಯಾದನು. ಅವನು ಮೊದಲು ಕೈಹಾಕಿದ್ದು ಕಾನೂನಿಗೆ. ನೂರಾರು ವರ್ಷಗಳಿಂದ ಒಂದರ ಮೇಲೊಂದು ಬಂದು ತೊಡಕಾಗಿದ್ದ ದಂಡನೆಯ ಕಾಯಿದೆಗಳನ್ನು ಒಟ್ಟುಗೂಡಿಸಿ, ಸರಳಗೊಳಿಸಿ, ಅನೇಕ ಅಪರಾಧಗಳಿಂದ ಮರಣದಂಡನೆಯನ್ನು ತೆಗೆದುಹಾಕಿಸಿದನು. ಈ ದಾರಿಯನ್ನು ಅವನಿಗಿಂತ ಮೊದಲೇ ಸ್ಯಾಮ್ಯುಯೆಲ್ ರೊಮಿಲಿ ಮೊದಲಾದ ಸಹೃದಯರು ತೋರಿಸಿದ್ದರೆಂಬುದನ್ನು ಮರೆಯಬಾರದು. ಆದರೆ ಶಿಕ್ಷೆಯನ್ನು ಹಗುರಮಾಡಿದ ಮೇಲೆ ಅಪರಾಧವನ್ನು ತಡೆಯುವ ಬೇರೆ ಉಪಾಯವೊಂದು ಬೇಕಷ್ಟೆ. ಶಿಕ್ಷೆಯ ಕ್ರೌರ್ಯವಲ್ಲ, ಸಿಕ್ಕಿಬೀಳುವುದು ಖಂಡಿತವೆಂಬ ಅರಿವೇ ಮನುಷ್ಯನ ಕೈಯನ್ನು ತಡೆಯುತ್ತದೆ ಎಂಬುದು ಪೀಲನಿಗೆ ಮನದಟ್ಟಾಗಿದ್ದಿತು. ಆ ಅರಿವನ್ನು ಹುಟ್ಟಿಸಬೇಕಾದರೆ ನಗರಕ್ಕೆಲ್ಲ ಒಂದೇ ಆದ, ಹಗಲೂ ರಾತ್ರಿಯೂ ಎಚ್ಚರವಾಗಿರುವ ಪೊಲೀಸ್ ದಳವು ಬೇಕಾಗಿದ್ದಿತು.

ಇಂಗ್ಲೆಂಡಿನ ಜನರಿಗಾದರೋ ಪೊಲೀಸ್ ಎಂಬ ಶಬ್ದವೇ ಆಗದು. ಆ ಶಬ್ದದೊಡನೆ ಅವರಿಗೆ ನೆನಪಾಗುತ್ತಿದ್ದುದು ಫ್ರಾನ್ಸ್ ದೇಶ; ಅಲ್ಲಿನ ಗೂಢಚಾರರು, ಮನೆಮನೆಯ ಮಾತನ್ನು ಅರಸನಿಗೆ ಮುಟ್ಟಿಸುವ ಕಿವಿಗಳು. ಕಳ್ಳರ ಕಾಟವನ್ನಾದರೂ ಸಹಿಸಿಯೇವು, ಸರ್ಕಾರದ ಬೇಹುಗಾರರನ್ನು ಸಹಿಸೆವು ಎಂಬುದು ಅವರ ಹಟ. ಈ ಹಟವನ್ನು ನಾವು ಮೌಢ್ಯವೆಂದು ತಳ್ಳಿಹಾಕುವಂತಿಲ್ಲ. ಅದರಲ್ಲಿ ಸ್ವಾತಂತ್ರ್ಯದ ಮೇಲಿನ ನಿಜವಾದ ಪ್ರೀತಿಯಿತ್ತು. 1780ರಲ್ಲಿ ಲಂಡನ್ನಿನಲ್ಲಿ ದೊಡ್ಡ ದಂಗೆಯೆದ್ದಾಗ ಸೈನ್ಯವನ್ನು ಕರೆಸಬೇಕಾಯಿತು. ಗುಂಡೇಟಿಗೆ ಸುಮಾರು ಮುನ್ನೂರು ಜನ ಸತ್ತರು. ಅಷ್ಟಾದರೂ, ಐದು ವರ್ಷಗಳ ಅನಂತರ ಬಂದ ಪೊಲೀಸ್ ಮಸೂದೆಯನ್ನು ಸರ್ಕಾರವು ಹಿಂತೆಗೆದುಕೊಳ್ಳಬೇಕಾಯಿತು. 1811ರ ಡಿಸೆಂಬರಿನಲ್ಲಿ ರ‍್ಯಾಟ್‌ಕ್ಲಿಫ್ ಹೈವೇ ಎಂಬ ಬೀದಿಯ ಆಸುಪಾಸಿನ ಎರಡು ಮನೆಗಳಲ್ಲಿ ಏಳು ಜನರ ಕೊಲೆಯಾಗಿ ನಗರವೇ ತಲ್ಲಣಿಸಿದಾಗಲೂ ಜನಮತವು ಬದಲಾಗಲಿಲ್ಲ. 1822ರಲ್ಲಿ ಸ್ವತಃ ಪೀಲನ ಅಧ್ಯಕ್ಷತೆಯಲ್ಲಿ ಸೇರಿದ ಪಾರ್ಲಿಮೆಂಟಿನ ಸಮಿತಿಯೇ ಸ್ವತಂತ್ರವಾದ ನಾಡಿಗೂ ಬಲವಾದ ಪೊಲೀಸಿಗೂ ಹೊಂದಿಕೆಯಾಗದೆಂದು ವರದಿಮಾಡಿತು!

ಪೀಲನು ವಾದಕ್ಕಿಳಿಯಲಿಲ್ಲ, ಕಾದನು. ಏಳು ವರ್ಷಗಳ ಕಾಲ ಲೆಕ್ಕಪತ್ರಗಳನ್ನು ಕೂಡಿಹಾಕಿದನು. ಲಂಡನ್ನಿನ ಜನಸಂಖ್ಯೆಯು ಬೆಳೆಯುತ್ತಿರುವುದಕ್ಕಿಂತ ಬಹು ವೇಗವಾಗಿ ಅಪರಾಧಗಳು ಬೆಳೆಯುತ್ತಿವೆ ಎಂಬುದನ್ನು ಅಂಕಿಗಳ ಮೂಲಕ ತೋರಿಸಿದನು. 1828ರಲ್ಲಿ ಇನ್ನೊಂದು ಸಮಿತಿಯನ್ನು ನೇಮಿಸಿ, ಈ ಬಾರಿ ಅನುಕೂಲವಾದ ವರದಿಯನ್ನು ಪಡೆದನು. ಹಳೆಯ ಹಕ್ಕುಗಳನ್ನು ಬಿಟ್ಟುಕೊಡದ ಸಿಟಿ ಎಂಬ ನಡುಪಟ್ಟಣದ ವರ್ತಕರನ್ನು ಎದುರುಹಾಕಿಕೊಂಡರೆ ಮಸೂದೆಯೇ ಮುಳುಗೀತೆಂದು ತಿಳಿದು, ಆ ಭಾಗವನ್ನು ಹೊರಗಿಟ್ಟನು. ಒಂದು ಚದರ ಮೈಲಿಯ ಆ ಭಾಗಕ್ಕೆ ಇಂದಿಗೂ ಬೇರೆಯೇ ಆದ ಪೊಲೀಸ್ ದಳವಿದೆ. 1829ರ ಏಪ್ರಿಲ್ 15ರಂದು ಅವನು ಮಂಡಿಸಿದ ಮಸೂದೆಯು ಹೆಚ್ಚಿನ ವಿರೋಧವಿಲ್ಲದೆ ಅಂಗೀಕೃತವಾಗಿ, ಜೂನ್ 19ರಂದು ಕಾಯಿದೆಯಾಯಿತು.

ಹೊಸ ದಳವನ್ನು ಕಟ್ಟಲು ಪೀಲನು ಇಬ್ಬರು ಕಮಿಷನರುಗಳನ್ನು ಆರಿಸಿದನು. ಒಬ್ಬನು ವಾಟರ್‌ಲೂ ಕದನದಲ್ಲಿ ಗಾಯಗೊಂಡಿದ್ದ ಕರ್ನಲ್ ಚಾರ್ಲ್ಸ್ ರೋವನ್. ಇನ್ನೊಬ್ಬನು ಐರ್ಲೆಂಡಿನ ತರುಣ ವಕೀಲ ರಿಚರ್ಡ್ ಮೇನ್. ಸೈನಿಕನ ಶಿಸ್ತು, ವಕೀಲನ ಕಾನೂನುಪ್ರಜ್ಞೆ ಎರಡೂ ಸೇರಲೆಂಬುದು ಅವನ ಉದ್ದೇಶ. ವೈಟ್‌ಹಾಲ್ ಪ್ಲೇಸ್ ಎಂಬಲ್ಲಿನ ನಾಲ್ಕನೆಯ ನಂಬರಿನ ಮನೆಯಲ್ಲಿ ಕಚೇರಿಯು ತೆರೆಯಿತು. ಆ ಮನೆಯ ಹಿಂಬಾಗಿಲಿದ್ದುದು ಸ್ಕಾಟ್ಲೆಂಡ್ ಯಾರ್ಡ್ ಎಂಬ ಅಂಗಳದ ಕಡೆಗೆ. ಜನರು ಒಳಗೆ ಬರುತ್ತಿದ್ದುದು ಹಿಂಬಾಗಿಲಿನಿಂದಲೇ ಆದುದರಿಂದ ಆ ಹೆಸರೇ ಲೋಕಪ್ರಸಿದ್ಧವಾಯಿತು.

ನಗರವನ್ನು ಹದಿನೇಳು ವಿಭಾಗಗಳನ್ನಾಗಿ ಮಾಡಿದರು. ಪ್ರತಿಯೊಂದು ವಿಭಾಗಕ್ಕೂ ಒಬ್ಬ ಸೂಪರಿಂಟೆಂಡೆಂಟ್, ನಾಲ್ವರು ಇನ್‌ಸ್ಪೆಕ್ಟರರು, ನಮ್ಮ ಹಿಂದಿನ ದಫೇದಾರರಂಥ ಹದಿನಾರು ಸಾರ್ಜೆಂಟರು, 144 ಪೇದೆಗಳು. ವಿಭಾಗವನ್ನು ಮತ್ತೆ ಎಂಟು ಭಾಗಗಳಾಗಿಯೂ, ಅದರ ಒಂದೊಂದನ್ನು ಎಂಟು ಗಸ್ತುಗಳಾಗಿಯೂ ಹಂಚಿದರು. ಗಂಟೆಗೆ ಸುಮಾರು ಎರಡೂವರೆ ಮೈಲಿಯ ನಡಿಗೆಯಲ್ಲಿ ಪೇದೆಯು ತನ್ನ ಗಸ್ತಿನ ಬೀದಿಗಳನ್ನು ಸುತ್ತಬೇಕು. ಸ್ವಲ್ಪ ಹೊತ್ತಿಗೆಲ್ಲ ಅವನು ಮತ್ತೆ ಅದೇ ಜಾಗದಲ್ಲಿ ಕಾಣಿಸಿಕೊಳ್ಳಬೇಕು. ಅವನ ಸುತ್ತಾಟವನ್ನು ಸಾರ್ಜೆಂಟನು ಬಂದು ನೋಡಬೇಕು, ಸಾರ್ಜೆಂಟನನ್ನು ಇನ್‌ಸ್ಪೆಕ್ಟರನು ನೋಡಬೇಕು. ಮರದ ಗೂಡಿನೊಳಗಿನ ಮುದುಕನಿಗೂ ಈ ಏರ್ಪಾಡಿಗೂ ಎಷ್ಟು ಅಂತರ! ದಳಕ್ಕೆ ಕೊಟ್ಟ ಮೊದಲ ಲಿಖಿತ ಸೂಚನೆಗಳಲ್ಲಿಯೇ ಅಪರಾಧವನ್ನು ತಡೆಯುವುದು ಮೊದಲನೆಯ ಗುರಿಯೆಂದು ವಿಧಿಸಲಾಗಿತ್ತು. ಎಷ್ಟು ಜನರನ್ನು ಹಿಡಿದರು ಎಂಬುದರಿಂದಲ್ಲ, ಎಷ್ಟು ಕಡಿಮೆ ಅಪರಾಧ ನಡೆಯಿತು ಎಂಬುದರಿಂದ ಒಂದು ಠಾಣೆಯ ಕೆಲಸವನ್ನು ಅಳೆಯಬೇಕಾಗಿತ್ತು. ನಲವತ್ತು ಪೌಂಡಿನ ಬಹುಮಾನದ ಕಾಲದಲ್ಲಿ ಬೆಳೆದವರಿಗೆ ಈ ಮಾತು ವಿಚಿತ್ರವಾಗಿ ಕೇಳಿಸಿರಬೇಕು.

ಉಡುಪಿನ ವಿಷಯದಲ್ಲಿಯೂ ಬಹಳ ಯೋಚನೆ ನಡೆಯಿತು. ಸೈನಿಕರದು ಕೆಂಪು ಅಂಗಿ. ಆದುದರಿಂದ ಪೊಲೀಸರಿಗೆ ನೀಲಿ ಅಂಗಿ. ತಲೆಗೆ ಸಾಮಾನ್ಯ ನಾಗರಿಕರು ಧರಿಸುವಂಥದೇ ಎತ್ತರದ ಟೋಪಿ. ಕೈಯಲ್ಲಿ ಬಂದೂಕವಿಲ್ಲ, ಕತ್ತಿಯಿಲ್ಲ. ಒಂದು ಮೋಟು ದೊಣ್ಣೆಯಿತ್ತು, ಅದನ್ನೂ ಅಂಗಿಯ ಹಿಂಬದಿಯ ಜೇಬಿನಲ್ಲಿ ಕಾಣದಂತೆ ಇಟ್ಟುಕೊಳ್ಳಬೇಕು. ಕೊರಳಪಟ್ಟಿಯ ಮೇಲೆ ವಿಭಾಗದ ಅಕ್ಷರ ಮತ್ತು ಪೇದೆಯ ಸಂಖ್ಯೆ. ಅವನು ಅನ್ಯಾಯ ಮಾಡಿದರೆ ದೂರು ಕೊಡಲು ಬಡವನಿಗೂ ಅವನ ಗುರುತು ಸಿಕ್ಕಬೇಕಷ್ಟೆ! ಕೆಲಸವಿಲ್ಲದ ಹೊತ್ತಿನಲ್ಲಿಯೂ ಸಮವಸ್ತ್ರದಲ್ಲಿಯೇ ಇರಬೇಕೆಂಬ ನಿಯಮವಿತ್ತು. ಮರೆಯಲ್ಲಿದ್ದು ಜನರನ್ನು ಗಮನಿಸುವ ಬೇಹುಗಾರರು ಇವರಲ್ಲವೆಂದು ನಗರಕ್ಕೆ ಸಾರಿ ಹೇಳುವ ಬಗೆಯಿದು.

1829ರ ಸೆಪ್ಟೆಂಬರ್ 29ರ ಸಂಜೆ ಪೇದೆಗಳ ಮೊದಲ ತಂಡಗಳು ಬೀದಿಗಿಳಿದವು. ಆರಂಭವೇನೂ ವೈಭವದ್ದಾಗಿರಲಿಲ್ಲ. ಒಂದನೆಯ ಸಂಖ್ಯೆಯನ್ನು ಪಡೆದಿದ್ದ ಪೇದೆಯನ್ನೇ, ಕುಡಿದಿದ್ದನೆಂಬ ಕಾರಣದಿಂದ, ಕೆಲವೇ ಗಂಟೆಗಳಲ್ಲಿ ಕೆಲಸದಿಂದ ತೆಗೆದುಹಾಕಿದರೆಂದು ಹೇಳುತ್ತಾರೆ. ಮುಂದಿನ ವರ್ಷಗಳಲ್ಲಿ ಅದೇ ತಪ್ಪಿಗಾಗಿ ನೂರಾರು ಜನ ಮನೆಗೆ ಹೋದರು. ಸಂಬಳವು ದಿನಕ್ಕೆ ಮೂರು ಷಿಲಿಂಗು, ನುರಿತ ಕುಶಲಕರ್ಮಿಯೊಬ್ಬನ ಸಂಪಾದನೆಗಿಂತ ಕಡಿಮೆ. ಮಳೆ, ಚಳಿ, ಮಂಜು ಯಾವುದಿದ್ದರೂ ರಾತ್ರಿಯಿಡೀ ನಡೆಯಬೇಕು. ಅನೇಕರು ತಾವಾಗಿಯೇ ಬಿಟ್ಟುಹೋದರು. ಪೀಲನು ಸಡಿಲಬಿಡಲಿಲ್ಲ. ದೊಡ್ಡ ಮನೆತನದವರ ಶಿಫಾರಸಿಗೆ ಬೆಲೆಯಿಲ್ಲವೆಂದೂ, ಮೇಲಿನ ಹುದ್ದೆಗಳನ್ನು ಕೆಳಗಿನಿಂದ ಬಂದವರಿಗೇ ಕೊಡಬೇಕೆಂದೂ ನಿಶ್ಚಯಿಸಿದನು. ಪದವಿಗಳೆಲ್ಲ ಶಿಫಾರಸಿನಿಂದಲೇ ಸಿಗುತ್ತಿದ್ದ ಆ ಕಾಲದಲ್ಲಿ ಇದು ಸಣ್ಣ ಮಾತಲ್ಲ. 1830ರ ಹೊತ್ತಿಗೆ ದಳದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನರಿದ್ದರು.

ನಗರವು ಅವರನ್ನು ಪ್ರೀತಿಯಿಂದ ಬರಮಾಡಿಕೊಳ್ಳಲಿಲ್ಲ. ಬೈಗುಳ, ಕಲ್ಲು, ಕೆಸರು ಅವರ ಪಾಲಿಗೆ ಬಂದವು. ಗಾಡಿ ಹೊಡೆಯುವವರು ಚಾವಟಿಯನ್ನು ಬೀಸಿದರು. 1833ರ ಮೇ 13ರಂದು ಕೋಲ್ಡ್‌ಬಾತ್ ಫೀಲ್ಡ್ಸ್ ಎಂಬ ಬಯಲಿನಲ್ಲಿ ಸರ್ಕಾರವು ನಿಷೇಧಿಸಿದ್ದ ಸಭೆಯೊಂದನ್ನು ಪೊಲೀಸರು ಚದುರಿಸಲು ಹೋದಾಗ ರಾಬರ್ಟ್ ಕಲ್ಲಿ ಎಂಬ ಪೇದೆಯು ಇರಿತಕ್ಕೊಳಗಾಗಿ ಸತ್ತನು. ಅವನ ಸಾವಿನ ವಿಚಾರಣೆಗೆ ಕುಳಿತ ಪಂಚರು, ಪೊಲೀಸರೇ ಅತಿರೇಕದಿಂದ ವರ್ತಿಸಿದರೆಂದು ಹೇಳಿ, ಈ ಕೊಲೆಯು ನ್ಯಾಯಸಮ್ಮತವಾದುದೆಂದು ತೀರ್ಪಿತ್ತರು. ಜನರು ಆ ಪಂಚರನ್ನು ವೀರರಂತೆ ಮೆರೆಸಿದರು. ತೀರ್ಪನ್ನು ಮೇಲಿನ ನ್ಯಾಯಾಲಯವು ತಳ್ಳಿಹಾಕಿತು. ಆದರೆ ಕರ್ತವ್ಯದಲ್ಲಿ ಸತ್ತ ಒಬ್ಬ ಬಡ ಪೇದೆಯ ಸಾವಿಗೆ ನಗರವು ಹರ್ಷಪಟ್ಟ ಆ ದಿನಗಳನ್ನು ನೆನೆದರೆ, ಆ ನೀಲಿ ಅಂಗಿಯನ್ನು ತೊಟ್ಟು ಮರುದಿನವೂ ಗಸ್ತಿಗೆ ಹೊರಟವರ ಮೇಲೆ ಗೌರವ ಹುಟ್ಟುತ್ತದೆ. ಅದೇ ವರ್ಷ ಪೋಪೇ ಎಂಬ ಸಾರ್ಜೆಂಟನು ವೇಷ ಮರೆಸಿಕೊಂಡು ರಾಜಕೀಯ ಸಂಘವೊಂದನ್ನು ಸೇರಿದ್ದುದು ಬಯಲಾಯಿತು. ಜನರ ಹಳೆಯ ಭಯಕ್ಕೆ ಆಧಾರವಿಲ್ಲದಿರಲಿಲ್ಲ! ಪಾರ್ಲಿಮೆಂಟಿನ ಸಮಿತಿಯು ವಿಚಾರಿಸಿ ಅವನ ನಡತೆಯನ್ನು ಖಂಡಿಸಿತು. ಅವನನ್ನು ಕೆಲಸದಿಂದ ತೆಗೆದರು. ಸಾದಾ ಉಡುಪಿನ ಪತ್ತೇದಾರರ ಸಣ್ಣ ತಂಡವೊಂದು ಹುಟ್ಟಲು 1842ರವರೆಗೆ ಕಾಯಬೇಕಾಯಿತು. ಅದರಲ್ಲಿದ್ದವರು ಎಂಟೇ ಮಂದಿ.

ಪೀಲನ ದಳದಿಂದ ಲಂಡನ್ನಿನ ಅಪರಾಧಗಳು ಎಷ್ಟು ಕಡಿಮೆಯಾದವೆಂಬ ವಿಷಯದಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಕುಡಿತ, ಬೀದಿಜಗಳಗಳ ಬಂಧನಗಳು ಹೆಚ್ಚಿದುದರಿಂದ ಲೆಕ್ಕದಲ್ಲಿ ಅಪರಾಧವು ಹೆಚ್ಚಿದಂತೆಯೂ ಕಂಡೀತು. ಆದರೆ ಬೀದಿಗಳು ಹಿಂದಿಗಿಂತ ನಿರ್ಭಯವಾದುವೆಂದು ಅಂದಿನ ಅನೇಕರು ಒಪ್ಪಿದರು. ಜನರ ಗುಂಪನ್ನು ಚದುರಿಸಲು ಕುದುರೆಯ ದಳವನ್ನೂ ಬಂದೂಕವನ್ನೂ ಕರೆಸುವುದು ಅಪರೂಪವಾಯಿತು. 1839ರಲ್ಲಿ ಸಿಟಿಯ ವರ್ತಕರು ತಾವೂ ಇಂಥದೇ ದಳವನ್ನು ಕಟ್ಟಿಕೊಂಡರು. 1856ರ ವೇಳೆಗೆ ಇಂಗ್ಲೆಂಡಿನ ಎಲ್ಲ ಜಿಲ್ಲೆಗಳಿಗೂ ಪೊಲೀಸ್ ದಳವು ಕಡ್ಡಾಯವಾಯಿತು. ಪೀಲನ ಒಂಬತ್ತು ಸೂತ್ರಗಳೆಂದು ಇಂದು ಪ್ರಸಿದ್ಧವಾಗಿರುವುವು ಅವನು ಬರೆದವಲ್ಲ, ಇಪ್ಪತ್ತನೆಯ ಶತಮಾನದ ಇತಿಹಾಸಕಾರನೊಬ್ಬನು ಆ ರೂಪದಲ್ಲಿ ಜೋಡಿಸಿದವು. ಅವುಗಳ ತಿರುಳು ಮಾತ್ರ 1829ರ ಸೂಚನೆಗಳಲ್ಲಿಯೇ ಇದೆ.

ನಮ್ಮ ದೇಶದ ಮಟ್ಟಿಗೆ ಒಂದು ಮಾತನ್ನು ಇಲ್ಲಿ ಹೇಳಬೇಕು. 1856ರಲ್ಲಿ ಕಲ್ಕತ್ತ, ಮದರಾಸು, ಮುಂಬಯಿ ನಗರಗಳಿಗೆ ಲಂಡನ್ನಿನಂತೆ ಪೊಲೀಸ್ ಕಮಿಷನರುಗಳು ಬಂದರು; 1963ರಲ್ಲಿ ಬೆಂಗಳೂರಿಗೂ ಆ ಪದ್ಧತಿ ಬಂದಿತು. ಆದರೆ 1861ರ ಕಾಯಿದೆಯು ಜಿಲ್ಲೆಗಳಿಗಾಗಿ ಕಟ್ಟಿದ ಪೊಲೀಸಿಗೆ ಮಾದರಿಯಾದುದು ಲಂಡನ್ನಿನ ನಿರಾಯುಧ ಪೇದೆಯಲ್ಲ, ಐರ್ಲೆಂಡಿನ ಸಶಸ್ತ್ರ ದಳ. ಒಬ್ಬನೇ ಮನುಷ್ಯನು ತನ್ನ ನಾಡಿಗೊಂದು ಬಗೆಯ ಕಾವಲನ್ನೂ, ಆಳಿಸಿಕೊಳ್ಳುವ ನಾಡಿಗೆ ಇನ್ನೊಂದು ಬಗೆಯ ಕಾವಲನ್ನೂ ಮೊದಲುಮಾಡಿದ್ದನು. ನಮ್ಮನ್ನು ಆಳಿದವರು ನಮಗಾಗಿ ಎರಡನೆಯದನ್ನು ಆರಿಸಿದರು.

ಪೀಲನು ಮುಂದೆ ಎರಡು ಬಾರಿ ಪ್ರಧಾನಮಂತ್ರಿಯಾದನು. 1843ರ ಜನವರಿಯಲ್ಲಿ ಮಕ್‌ನಾಟನ್ ಎಂಬ ಬುದ್ಧಿವಿಕಲನು ಪೀಲನೆಂದು ತಪ್ಪಾಗಿ ತಿಳಿದು ಅವನ ಆಪ್ತ ಕಾರ್ಯದರ್ಶಿ ಡ್ರಮಂಡನಿಗೆ ಗುಂಡು ಹಾರಿಸಿದನು. ಹತ್ತಿರದಲ್ಲಿದ್ದ ಪೇದೆಯೊಬ್ಬನು ಓಡಿಬಂದು ಕೊಲೆಗಾರನನ್ನು ಹಿಡಿದನು, ಡ್ರಮಂಡನು ಉಳಿಯಲಿಲ್ಲ. 1846ರಲ್ಲಿ, ಐರ್ಲೆಂಡಿನ ಆಲೂಗೆಡ್ಡೆಯ ಬೆಳೆ ನಾಶವಾಗಿ ಕ್ಷಾಮ ಬಂದಿದ್ದಾಗ, ಹೊರಗಿನ ಧಾನ್ಯದ ಮೇಲಿನ ಸುಂಕದ ಕಾಯಿದೆಗಳನ್ನು ಸ್ವಪಕ್ಷದ ಜಮೀನುದಾರರ ವಿರೋಧವನ್ನು ಲೆಕ್ಕಿಸದೆ ರದ್ದುಪಡಿಸಿದನು. ಅದರ ಬೆಲೆಯಾಗಿ ಅಧಿಕಾರವು ಹೋಯಿತು, ಪಕ್ಷವೂ ಒಡೆಯಿತು.

1850ರ ಜೂನ್ 29ರಂದು ಅರಮನೆಯ ಬಳಿಯ ರಸ್ತೆಯಲ್ಲಿ ಸವಾರಿ ಹೋಗುತ್ತಿದ್ದಾಗ ಪೀಲನು ಕುದುರೆಯಿಂದ ಬಿದ್ದನು. ಕುದುರೆಯೂ ಎಡವಿ ಅವನ ಮೇಲೆ ಬಿದ್ದಿತು. ಮೂರು ದಿನ ಕಠಿಣವಾದ ನೋವನ್ನು ಅನುಭವಿಸಿ ಜುಲೈ 2ರಂದು ತನ್ನ ಮನೆಯಲ್ಲಿ ತೀರಿಕೊಂಡನು. ಆ ಮನೆಯಿಂದ ವೈಟ್‌ಹಾಲ್ ಪ್ಲೇಸಿನ ಪೊಲೀಸ್ ಕಚೇರಿಗೆ ಕೆಲವೇ ನಿಮಿಷಗಳ ದಾರಿ. ಮಹಾಪುರುಷರನ್ನು ಹೂಳುವ ವೆಸ್ಟ್‌ಮಿನ್‌ಸ್ಟರ್ ದೇವಾಲಯದಲ್ಲಿ ಅವನಿಗೂ ಸ್ಥಳವಿತ್ತು. ಅವನು ಮೊದಲೇ ಬರೆದಿಟ್ಟಿದ್ದಂತೆ, ಡ್ರೇಟನ್ ಬ್ಯಾಸೆಟ್ ಎಂಬ ಹಳ್ಳಿಯ ಚರ್ಚಿನಲ್ಲಿ, ತಂದೆತಾಯಿಗಳ ಸಮಾಧಿಯ ಪಕ್ಕದಲ್ಲಿ ಅವನನ್ನು ಮಣ್ಣುಮಾಡಿದರು. ಅವನ ಸ್ಮಾರಕಕ್ಕಾಗಿ ಕೂಲಿಕಾರರು ಒಂದೊಂದು ಪೆನ್ನಿಯನ್ನು ಕೂಡಿಸಿ ಕೊಟ್ಟರು. ಆ ವೇಳೆಗೆ ಲಂಡನ್ನಿನ ಮಕ್ಕಳು ಬೀದಿಯ ಪೇದೆಯನ್ನು ಬಾಬಿ ಎಂದು ಕರೆಯುವ ರೂಢಿ ಬಿದ್ದಿತ್ತು. ಬಾಬಿ ಎಂಬುದು ರಾಬರ್ಟ್ ಎಂಬ ಹೆಸರಿನ ಮುದ್ದಿನ ರೂಪ.